ತಾಳ್ಮೆ, ಕರುಣೆ, ಅಂಜಬೇಡ: ಪ್ಯೂರಿಟನ್ನರು ಮಕ್ಕಳಿಗಿಟ್ಟ ಹೆಸರುಗಳು

ಚರ್ಚಿನ ಸುಧಾರಣೆ ಇನ್ನೂ ಮುಂದುವರಿಯಬೇಕೆಂದು ಪಟ್ಟುಹಿಡಿದ ಇಂಗ್ಲೆಂಡಿನ ಪ್ಯೂರಿಟನ್ ಪಂಥದವರು 16ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ತಮ್ಮ ಮಕ್ಕಳಿಗೆ ಅದುವರೆಗೆ ಯಾರೂ ಕೇಳಿರದಂಥ ಹೆಸರುಗಳನ್ನು ಇಡತೊಡಗಿದರು. ದಿನಬಳಕೆಯ ಇಂಗ್ಲಿಷಿನ ಪದಗಳೇ ಹೆಸರುಗಳಾದವು. ಪೇಷನ್ಸ್ ಎಂದರೆ ತಾಳ್ಮೆ, ಮರ್ಸಿ ಎಂದರೆ ಕರುಣೆ, ಥ್ಯಾಂಕ್‌ಫುಲ್ ಎಂದರೆ ಕೃತಜ್ಞ. ಕೆಲವರು ಒಂದು ಪದಕ್ಕೆ ನಿಲ್ಲದೆ ಇಡೀ ವಾಕ್ಯವನ್ನೇ ಹೆಸರಾಗಿಟ್ಟರು. ಫಿಯರ್-ನಾಟ್ ಎಂಬ ಮಗುವನ್ನು ಕೂಗಿದಾಗಲೆಲ್ಲ ತಾಯಿ 'ಅಂಜಬೇಡ' ಎಂದೇ ಕೂಗಿದಂತಾಗುತ್ತಿತ್ತು. ಈ ಪದ್ಧತಿ ಇಂಗ್ಲೆಂಡಿನಲ್ಲಿ ಎರಡು ತಲೆಮಾರು ಬಾಳಿ ಸೊರಗಿತು. ಅಮೆರಿಕದ ನ್ಯೂ ಇಂಗ್ಲೆಂಡ್ ವಸಾಹತುಗಳಲ್ಲಿ ಮಾತ್ರ ಇನ್ನೂರು ವರ್ಷ ಉಳಿಯಿತು.

ಕನ್ನಡಿಗರಿಗೆ ಇದರಲ್ಲಿ ಹೊಸತೇನಿದೆ ಎನಿಸಬಹುದು. ಸಹನಾ, ಆಶಾ, ಕರುಣಾ, ವಿನಯ, ವಿವೇಕ ಎಂಬ ಹೆಸರುಗಳು ಇಲ್ಲಿ ಬೀದಿಬೀದಿಯಲ್ಲಿವೆ. ಕರೆಯುವವರಿಗೂ ಓಗೊಡುವವರಿಗೂ ಅವುಗಳ ಅರ್ಥ ಗೊತ್ತು. ಇಂಗ್ಲೆಂಡಿನ ಸ್ಥಿತಿ ಬೇರೆಯಾಗಿತ್ತು. ಜಾನ್ ಹೀಬ್ರೂ ಮೂಲದ ಹೆಸರು, ವಿಲಿಯಂ ಜರ್ಮನಿಕ್ ಮೂಲದ್ದು, ಮಾರ್ಗರೆಟ್ ಗ್ರೀಕಿನಿಂದ ಬಂದದ್ದು. ಮಾರ್ಗರೆಟ್ ಎಂದರೆ ಮುತ್ತು ಎಂಬುದು ಆ ಹೆಸರಿನ ಹೆಂಗಸಿಗೇ ಗೊತ್ತಿರುತ್ತಿರಲಿಲ್ಲ. ಹೆಸರೆಂದರೆ ಗುರುತಿನ ಒಂದು ಸದ್ದು, ಅಷ್ಟೆ. ಆ ಸದ್ದಿನೊಳಗೆ ಎಲ್ಲರಿಗೂ ತಿಳಿಯುವ ಅರ್ಥವನ್ನು ತುಂಬಲು ಹೊರಟದ್ದರಿಂದಲೇ ಪ್ಯೂರಿಟನ್ನರ ಹೆಸರುಗಳು ಅಂದಿನ ಜನರ ಕಿವಿಗೆ ವಿಚಿತ್ರವಾಗಿ ಕೇಳಿಸಿದವು.

ಹಿನ್ನೆಲೆ

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವ ಮೊದಲು ಅಲ್ಲಿನ ಜನರ ಹೆಸರುಗಳು ಹಳೆಯ ಇಂಗ್ಲಿಷಿನ ಪದಗಳಿಂದಲೇ ಕಟ್ಟಿದವಾಗಿದ್ದವು. ಏಥೆಲ್‌ಸ್ಟಾನ್ ಎಂದರೆ 'ಕುಲೀನ ಶಿಲೆ' ಎಂದು ಆ ಕಾಲದವರಿಗೆ ತಿಳಿಯುತ್ತಿತ್ತು. ನಾರ್ಮನ್ನರ ಆಳ್ವಿಕೆಯಲ್ಲಿ ಇಂಥ ಹೆಸರುಗಳಲ್ಲಿ ಹೆಚ್ಚಿನವು ಮರೆಯಾಗಿ, ಫ್ರೆಂಚರು ತಂದ ಹೆಸರುಗಳೂ ಸಂತರ ಹೆಸರುಗಳೂ ನೆಲೆಯೂರಿದವು. ಮಧ್ಯಯುಗ ಮುಗಿಯುವ ಹೊತ್ತಿಗೆ ಜಾನ್, ವಿಲಿಯಂ, ಥಾಮಸ್, ರಿಚರ್ಡ್, ರಾಬರ್ಟ್ ಎಂಬ ಬೆರಳೆಣಿಕೆಯ ಹೆಸರುಗಳೇ ಗಂಡಸರಲ್ಲಿ ಬಹುಪಾಲು ಜನರಿಗೆ ಸಾಕಾಗಿದ್ದವು. ಮಗುವಿಗೆ ಹೆಸರಿಡುವ ಹಕ್ಕು ದೀಕ್ಷಾಸ್ನಾನದ ದಿನ ಅದನ್ನು ಎತ್ತಿಕೊಂಡು ನಿಲ್ಲುವ ಧರ್ಮಪಿತ ಅಥವಾ ಧರ್ಮಮಾತೆಗೆ ಸೇರಿತ್ತು. ಅವರು ಅನೇಕ ವೇಳೆ ತಮ್ಮ ಹೆಸರನ್ನೇ ಮಗುವಿಗೆ ಕೊಡುತ್ತಿದ್ದರು. ಹೀಗಾಗಿ ಇದ್ದ ಹೆಸರುಗಳೇ ತಲೆಮಾರಿನಿಂದ ತಲೆಮಾರಿಗೆ ಸುತ್ತುತ್ತಿದ್ದವು.

ದೊರೆ ಎಂಟನೆಯ ಹೆನ್ರಿ 1534ರಲ್ಲಿ ಇಂಗ್ಲೆಂಡಿನ ಚರ್ಚನ್ನು ರೋಮಿನ ಪೋಪರ ಅಧಿಕಾರದಿಂದ ಬಿಡಿಸಿದ. ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಒಂದು ಆಜ್ಞೆ ಹೊರಡಿಸಿ, ಪ್ರತಿ ಊರಿನ ಚರ್ಚೂ ತನ್ನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿದ. ಹೆಚ್ಚಾಗಿ ರಾಜರ, ಧನಿಕರ ಹೆಸರುಗಳೇ ಉಳಿಯುತ್ತಿದ್ದ ನಾಡಿನಲ್ಲಿ ನೇಕಾರನ ಮಗುವಿನ ಹೆಸರೂ ಕಮ್ಮಾರನ ಮಗುವಿನ ಹೆಸರೂ ಕಾಗದಕ್ಕೆ ಬಂದವು. ಪ್ಯೂರಿಟನ್ ಹೆಸರುಗಳ ಕಥೆಯನ್ನು ಇಂದು ಹೇಳಲು ಸಾಧ್ಯವಾಗಿರುವುದು ಈ ಪುಸ್ತಕಗಳಿಂದಲೇ.

ಪೋಪರ ಅಧಿಕಾರವನ್ನು ಒಪ್ಪದ ಪ್ರೊಟೆಸ್ಟಂಟ್ ಸುಧಾರಕರು ಸಂತರ ಆರಾಧನೆಯನ್ನು ತಿರಸ್ಕರಿಸಿದಾಗ ಸಂತರ ಹೆಸರುಗಳೂ ಅನುಮಾನಕ್ಕೆ ಒಳಗಾದವು. ಜಿನೀವಾದಲ್ಲಿ ಸುಧಾರಕ ಜಾನ್ ಕ್ಯಾಲ್ವಿನನ ಪ್ರಭಾವದಿಂದ 1546ರಲ್ಲಿ ಕೆಲವು ಹೆಸರುಗಳ ಮೇಲೆ ನಿಷೇಧವನ್ನೇ ಹಾಕಲಾಯಿತು. ಕ್ಯಾಥೊಲಿಕ್ ರಾಣಿ ಒಂದನೆಯ ಮೇರಿಯ ಕಾಲದಲ್ಲಿ ಇಂಗ್ಲೆಂಡಿನಿಂದ ಓಡಿಹೋಗಿ ಜಿನೀವಾದಲ್ಲಿ ನೆಲೆಸಿದ್ದ ಪ್ರೊಟೆಸ್ಟಂಟರು 1560ರಲ್ಲಿ ಇಂಗ್ಲಿಷ್ ಬೈಬಲೊಂದನ್ನು ಅಚ್ಚು ಹಾಕಿಸಿದರು. ಜಿನೀವಾ ಬೈಬಲ್ ಎಂದು ಹೆಸರಾದ ಈ ಗ್ರಂಥದ ಕೊನೆಯಲ್ಲಿ ಹಳೆಯ ಒಡಂಬಡಿಕೆಯ ಹೆಸರುಗಳ ಪಟ್ಟಿ ಇತ್ತು, ಪ್ರತಿ ಹೆಸರಿನ ಎದುರು ಅದರ ಅರ್ಥವೂ ಇತ್ತು. ಮನೆಯಲ್ಲಿ ಕುಳಿತು ಓದುವ ಸಾಮಾನ್ಯ ಜನರಿಗೆ ಹೆಸರೆಂದರೆ ಅರ್ಥವಿರುವ ಮಾತು ಎಂಬುದು ಆ ಪಟ್ಟಿಯಿಂದ ಮನದಟ್ಟಾಯಿತು. ಮೊದಲು ಅಬ್ರಹಾಂ, ಐಸಾಕ್, ಸಾರಾ, ರೆಬೆಕ್ಕಾ ಮುಂತಾದ ಬೈಬಲಿನ ಹೆಸರುಗಳು ಹಬ್ಬಿದವು. ಹೀಬ್ರೂ ಪದದೊಳಗೆ ಅರ್ಥವನ್ನು ಅಡಗಿಸಿಡುವ ಬದಲು ಆ ಅರ್ಥವನ್ನು ನೇರವಾಗಿ ತಾಯ್ನುಡಿಯಲ್ಲೇ ಹೇಳಿದರೇನು ಎಂಬ ಯೋಚನೆ ಅದರ ಬೆನ್ನಲ್ಲೇ ಬಂದಿತು.

ಹೆಸರಿನ ಪ್ರಶ್ನೆ ಎಷ್ಟು ಗಂಭೀರವಾಗಿತ್ತು ಎಂಬುದಕ್ಕೆ ನಾರ್ಥಾಂಪ್ಟನ್ ಪಟ್ಟಣದ ಒಂದು ಪ್ರಸಂಗ ಸಾಕು. ಎಡ್ಮಂಡ್ ಸ್ನೇಪ್ ಎಂಬ ಪ್ಯೂರಿಟನ್ ಪಾದ್ರಿಯ ಎದುರಿಗೆ ಒಂದು ಮಗುವನ್ನು ತಂದರು. ವಿಧಿಯೆಲ್ಲ ಸರಿಯಾಗಿ ಸಾಗಿ ಹೆಸರಿಡುವ ಘಟ್ಟ ಬಂದಾಗ ಮನೆಯವರು 'ರಿಚರ್ಡ್' ಎಂದರು. ಬೈಬಲಿನಲ್ಲಿ ಇಲ್ಲದ ಹೆಸರೆಂದು ಪಾದ್ರಿ ಅಲ್ಲಿಗೇ ನಿಲ್ಲಿಸಿಬಿಟ್ಟ. ದೀಕ್ಷಾಸ್ನಾನವಾಗದೆಯೇ ಮಗು ಮನೆಗೆ ಮರಳಿತು. ಮರುವಾರ ಅದೇ ಊರಿನ ಮತ್ತೊಂದು ಚರ್ಚಿನಲ್ಲಿ ಅದಕ್ಕೆ ರಿಚರ್ಡ್ ಎಂದೇ ಹೆಸರಾಯಿತು. ಪ್ಯೂರಿಟನ್ನರ ವಿರೋಧಿಯಾಗಿದ್ದ ರಿಚರ್ಡ್ ಬ್ಯಾಂಕ್ರಾಫ್ಟ್ 1593ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ. ಹೆಸರನ್ನು ಒಪ್ಪುವ, ಬಿಡುವ ಅಧಿಕಾರ ತಮ್ಮದೆಂದು ಪಾದ್ರಿಗಳು ಭಾವಿಸತೊಡಗಿದ್ದರು. ಧರ್ಮಪಿತರ ಪದ್ಧತಿಗೂ ಬೈಬಲಿನ ಆಧಾರವಿಲ್ಲವೆಂದು, ಹೆತ್ತ ತಂದೆಯೇ ಮಗುವನ್ನು ತರಬೇಕೆಂದು ಪ್ಯೂರಿಟನ್ನರು ವಾದಿಸಿದರು. ಹೆಸರುಗಳ ಹಳೆಯ ಸುತ್ತಾಟ ಹೀಗೆ ಮುರಿಯಿತು.

ವೀಲ್ಡ್ ಸೀಮೆಯ ಹಳ್ಳಿಗಳು

ಪದಗಳನ್ನೇ ಹೆಸರಾಗಿಡುವ ರೂಢಿ ಇಡೀ ಇಂಗ್ಲೆಂಡಿಗೆ ಹಬ್ಬಿದ್ದಲ್ಲ. ಅದರ ತವರು ಆಗ್ನೇಯ ಭಾಗದ ಸಸೆಕ್ಸ್ ಮತ್ತು ಕೆಂಟ್ ಪ್ರಾಂತ್ಯಗಳಿಗೆ ಸೇರಿದ, ವೀಲ್ಡ್ ಎಂದು ಕರೆಯುವ ಕಾಡುಸೀಮೆ. ಇಲ್ಲಿ ಕಬ್ಬಿಣದ ಕುಲುಮೆಗಳೂ ಉಣ್ಣೆ ಬಟ್ಟೆಯ ಕಸುಬೂ ಬೆಳೆದಿದ್ದವು. ಕೆಂಟ್ ಪ್ರಾಂತ್ಯದ ಕ್ರ್ಯಾನ್‌ಬ್ರುಕ್ ಬಟ್ಟೆಗೆ ಹೆಸರಾದ ಊರು. ಸಸೆಕ್ಸಿನ ವಾರ್ಬಲ್‌ಟನ್ ಹಳ್ಳಿಗೆ ಇನ್ನೊಂದು ನೆನಪೂ ಇತ್ತು. ಆ ಊರಿನ ಕಬ್ಬಿಣ ತಯಾರಕ ರಿಚರ್ಡ್ ವುಡ್‌ಮನ್ ಸೇರಿದಂತೆ ಹತ್ತು ಮಂದಿಯನ್ನು 1557ರ ಜೂನ್ 22ರಂದು ಲೂಯಿಸ್ ಪಟ್ಟಣದಲ್ಲಿ ಪ್ರೊಟೆಸ್ಟಂಟ್ ನಂಬಿಕೆಗಾಗಿ ಒಟ್ಟಿಗೆ ಸುಡಲಾಗಿತ್ತು. ಮೂವತ್ತು ವರ್ಷಗಳ ಮೇಲೆ ವಾರ್ಬಲ್‌ಟನ್ನಿನಲ್ಲಿ ಹುಟ್ಟಿದ ಮಗುವಿಗೆ 'ಅಂಜಬೇಡ' ಎಂದು ಹೆಸರಿಟ್ಟಾಗ, ಆ ಬೆಂಕಿಯನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು.

ಕ್ರ್ಯಾನ್‌ಬ್ರುಕ್‌ನಲ್ಲಿ ಈ ಪದ್ಧತಿಗೆ ಮುಂದಾದವನು ಡಡ್ಲಿ ಫೆನ್ನರ್ ಎಂಬ ಯುವ ಪಾದ್ರಿ. ಅವನು ತನ್ನ ಮಕ್ಕಳಿಗೆ ಮೋರ್-ಫ್ರೂಟ್, ಫೇಂಟ್-ನಾಟ್ ಎಂದು ಹೆಸರಿಟ್ಟ. ಮೊದಲನೆಯದು 'ಇನ್ನಷ್ಟು ಫಲ', ಎರಡನೆಯದು 'ಎದೆಗುಂದಬೇಡ'. 1583ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಜಾನ್ ವಿಟ್‌ಗಿಫ್ಟ್, ಚರ್ಚಿನ ವಿಧಿಗಳಿಗೆ ಸಂಪೂರ್ಣ ಒಪ್ಪಿಗೆಯ ಸಹಿ ಹಾಕಬೇಕೆಂದು ಪಾದ್ರಿಗಳನ್ನು ಒತ್ತಾಯಿಸಿದ. ಒಪ್ಪದ ಫೆನ್ನರ್ ಕೆಲಸ ಕಳೆದುಕೊಂಡು ಸೆರೆಮನೆ ಸೇರಿದ. ಕೊನೆಗೆ ನೆದರ್ಲೆಂಡ್ಸಿನ ಮಿಡಲ್‌ಬರ್ಗಿಗೆ ಹೋಗಿ 1587ರಲ್ಲಿ ಅಲ್ಲಿಯೇ ತೀರಿಕೊಂಡ. 'ಎದೆಗುಂದಬೇಡ' ಎಂಬ ಹೆಸರು ಅವನ ಮನೆಯಲ್ಲಿ ಬರೀ ಉಪದೇಶವಾಗಿರಲಿಲ್ಲ. ಸಂಕಟದ ಹೊತ್ತಿನಲ್ಲಿ ಮನೆಮಂದಿಯೆಲ್ಲ ತಮಗೆ ತಾವೇ ಹೇಳಿಕೊಳ್ಳಬೇಕಾದ ಮಾತಾಗಿತ್ತು.

ವಾರ್ಬಲ್‌ಟನ್ನಿನ ಪಾದ್ರಿ ಥಾಮಸ್ ಹೀಲಿ ಇನ್ನೂ ಮುಂದೆ ಹೋದ. ಅವನ ಮಕ್ಕಳ ಹೆಸರುಗಳು ಮಚ್-ಮರ್ಸಿ, ಇನ್‌ಕ್ರೀಸ್ಡ್, ಸಿನ್-ಡಿನೈ ಮತ್ತು ಫಿಯರ್-ನಾಟ್. ಬಹುಕರುಣೆ, ವೃದ್ಧಿಗೊಂಡದ್ದು, ಪಾಪವನ್ನು ದೂರವಿಡು, ಅಂಜಬೇಡ. ಅವನ ಸಭೆಯ ಜನರೂ ಅದೇ ದಾರಿ ಹಿಡಿದರು. ನಿಕೊಲಸ್ ಟಯಾಕ್ ಎಂಬ ಇತಿಹಾಸಕಾರ 1979ರಲ್ಲಿ ವೀಲ್ಡ್ ಸೀಮೆಯ ದಾಖಲೆಗಳನ್ನು ಪರಿಶೀಲಿಸಿ ಬರೆದ ಪ್ರಬಂಧದಿಂದ ಎರಡು ಸಂಗತಿಗಳು ಸ್ಪಷ್ಟವಾದವು. ಇಂಥ ಹೆಸರುಗಳು ಹುರುಪಿನ ಪ್ಯೂರಿಟನ್ ಪಾದ್ರಿಗಳಿದ್ದ ಊರುಗಳಲ್ಲೇ ಗುಂಪುಗೂಡಿವೆ. ಆ ಊರುಗಳಲ್ಲಿ ಅವು ಪಾದ್ರಿಯ ಮನೆಗಷ್ಟೇ ಸೀಮಿತವಾಗದೆ ಉಳ್ಳವರಿಂದ ಬಡವರವರೆಗೆ ಎಲ್ಲರ ಮನೆಗಳಲ್ಲೂ ಕಾಣಿಸುತ್ತವೆ. ಪ್ಯೂರಿಟನ್ ಧರ್ಮ ಓದುಬಲ್ಲ ಕೆಲವರ ಹಟವಷ್ಟೇ ಅಲ್ಲ, ಹಳ್ಳಿಯ ಜನರ ಮನಸ್ಸಿನಲ್ಲೂ ಬೇರುಬಿಟ್ಟಿತ್ತು ಎಂಬುದಕ್ಕೆ ಈ ಹೆಸರುಗಳು ಸಾಕ್ಷಿಯಾದವು.

ಹತ್ತಿರದ ನಾರ್ತಿಯಮ್ ಎಂಬ ಊರಿನಲ್ಲಿ ಜಾನ್ ಫ್ರೂಯೆನ್ ಎಂಬ ಪಾದ್ರಿಯ ಇಬ್ಬರು ಗಂಡುಮಕ್ಕಳ ಹೆಸರು ಅಕ್ಸೆಪ್ಟೆಡ್ ಮತ್ತು ಥ್ಯಾಂಕ್‌ಫುಲ್. ದೇವರು ಅಂಗೀಕರಿಸಿದವನು ಎಂಬ ಅರ್ಥದ ಅಕ್ಸೆಪ್ಟೆಡ್ ಹುಟ್ಟಿದ್ದು 1588ರಲ್ಲಿ. ಅವನು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಮುಖ್ಯಸ್ಥನಾದ, ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ದೊರೆಯ ಪಕ್ಷ ಹಿಡಿದ. ರಾಜಪ್ರಭುತ್ವ ಮರಳಿದ 1660ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ ಪೀಠವನ್ನೇರಿ 1664ರಲ್ಲಿ ತೀರಿಕೊಂಡ. ಅವನ ತಂದೆಯಂಥವರು ಯಾವ ಬಿಷಪರ ವ್ಯವಸ್ಥೆಯನ್ನು ಪ್ರಶ್ನಿಸಿದ್ದರೋ ಅದರ ಎರಡನೆಯ ಅತ್ಯುನ್ನತ ಸ್ಥಾನದಲ್ಲಿ ಪ್ಯೂರಿಟನ್ ಹೆಸರಿನವನೊಬ್ಬ ಕುಳಿತ. ತಂದೆ ಹೆಸರನ್ನು ಕೊಡಬಲ್ಲ, ಆ ಹೆಸರು ಹೊತ್ತವನು ಎತ್ತ ನಡೆಯುತ್ತಾನೆಂಬುದು ಅವನ ಕೈಯಲ್ಲಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಹೆಸರುಗಳ ಬಗೆ

ದಾಖಲೆಗಳಲ್ಲಿ ಸಿಗುವ ಹೆಸರುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಆದೇಶದ ಹೆಸರುಗಳು: ಸ್ಟ್ಯಾಂಡ್-ಫಾಸ್ಟ್ (ದೃಢವಾಗಿ ನಿಲ್ಲು), ಬಿ-ಥ್ಯಾಂಕ್‌ಫುಲ್ (ಕೃತಜ್ಞನಾಗಿರು), ಫ್ಲೈ-ಡಿಬೇಟ್ (ಜಗಳದಿಂದ ದೂರ ಓಡು). ಇವು ಮಗುವನ್ನು ಉದ್ದೇಶಿಸಿದರೂ ಸಭೆಗೆಲ್ಲ ಕೇಳಿಸುವ ಮಾತುಗಳು. ಪ್ಯೂರಿಟನ್ನರು ದೀಕ್ಷಾಸ್ನಾನವನ್ನು ಮನೆಯೊಳಗಿನ ಶಾಸ್ತ್ರವಾಗಿಸದೆ ಸಭೆಯ ಎದುರಿನಲ್ಲೇ ನಡೆಸಲು ಬಯಸುತ್ತಿದ್ದರು. ಪಾದ್ರಿ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಿದ ಕ್ಷಣ ಅದೊಂದು ಪುಟ್ಟ ಪ್ರವಚನವಾಗುತ್ತಿತ್ತು.

ಎರಡನೆಯದು ಕೃತಜ್ಞತೆಯ ಹೆಸರುಗಳು: ಫ್ರೀ-ಗಿಫ್ಟ್ (ಉಚಿತ ವರ), ಫ್ರಮ್-ಅಬವ್ (ಮೇಲಿನಿಂದ ಬಂದದ್ದು), ಜಾಯ್-ಅಗೇನ್ (ಮರಳಿ ಬಂದ ಸಂತೋಷ). ಹಸುಗೂಸುಗಳ ಸಾವು ಪ್ರತಿ ಮನೆಯ ಅನುಭವವಾಗಿದ್ದ ಕಾಲದಲ್ಲಿ, 'ಜಾಯ್-ಅಗೇನ್' ಎಂಬ ಎರಡೇ ಪದಗಳ ಹಿಂದೆ ಒಂದು ಸಂಸಾರದ ದುಃಖವೂ ಸಮಾಧಾನವೂ ಇರಬಲ್ಲವು.

ಮೂರನೆಯದು ವಿನಯವನ್ನೂ ಪಶ್ಚಾತ್ತಾಪವನ್ನೂ ಸೂಚಿಸುವ ಹೆಸರುಗಳು: ಡಸ್ಟ್ (ಧೂಳು), ಆಶಸ್ (ಬೂದಿ), ಅರ್ತ್ (ಮಣ್ಣು), ಲೆಮೆಂಟ್ (ಪ್ರಲಾಪ), ಟ್ರಿಬ್ಯುಲೇಷನ್ (ಸಂಕಟ). ಕರ್ನಾಟಕದ ಹಳ್ಳಿಗಳ ತಿಪ್ಪಣ್ಣ, ತಿಪ್ಪಮ್ಮ, ಗುಂಡಪ್ಪ ಎಂಬ ಹೆಸರುಗಳು ಇಲ್ಲಿ ನೆನಪಾಗುತ್ತವೆ. ಎರಡರ ಉದ್ದೇಶ ಮಾತ್ರ ಬೇರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ತಿಪ್ಪಣ್ಣ ಎಂದು ಕರೆಯುವುದು ಸಾವಿನ ಕಣ್ಣಿಗೆ ಮಗು ಬೀಳದಿರಲಿ ಎಂದು. ಡಸ್ಟ್ ಎಂಬ ಹೆಸರಿನಲ್ಲಿ ಮರೆಮಾಚುವ ಆಸೆಯಿಲ್ಲ. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಮರಳುವವನು ಎಂಬ ಬೈಬಲಿನ ಮಾತನ್ನು ನೇರವಾಗಿ ಒಪ್ಪಿಕೊಳ್ಳುವ ಹೆಸರು ಅದು.

ಈ ಬಗೆಯಲ್ಲಿ ಕ್ರೌರ್ಯದ ಎಳೆಯೊಂದೂ ಇತ್ತು. ಮದುವೆಯಿಲ್ಲದೆ ಹುಟ್ಟಿದ ಮಕ್ಕಳಿಗೆ ತಾಯಿಯ ತಪ್ಪನ್ನು ಸಾರುವ ಹೆಸರುಗಳನ್ನು ಇಟ್ಟದ್ದುಂಟು. ಸಸೆಕ್ಸಿನ ವಾಲ್ಡ್ರನ್ ಎಂಬ ಊರಿನಲ್ಲಿ 1609ರಲ್ಲಿ ಅಂಥ ಒಂದು ಗಂಡುಮಗುವನ್ನು ಫ್ಲೈ-ಫಾರ್ನಿಕೇಷನ್ ಎಂದು ದಾಖಲಿಸಲಾಗಿದೆ. ವ್ಯಭಿಚಾರದಿಂದ ದೂರ ಓಡು ಎಂದು ಅದರ ಅರ್ಥ. ತಾನು ಮಾಡದ ತಪ್ಪನ್ನು ಆ ಮಗು ತನ್ನ ಹೆಸರಿನಲ್ಲೇ ಹೊತ್ತು ಬದುಕಬೇಕಾಗಿತ್ತು. ಹೆಸರು ಉಪದೇಶದ ಸಾಧನವಾದಾಗ ಆ ಉಪದೇಶದ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಇದಕ್ಕಿಂತ ನೋವಿನಿಂದ ತೋರಿಸುವ ದಾಖಲೆ ಇನ್ನೊಂದಿಲ್ಲ.

ನಾಲ್ಕನೆಯದು ಗುಣವಾಚಕ ನಾಮಪದಗಳು: ಫೇತ್, ಹೋಪ್, ಚಾರಿಟಿ, ಗ್ರೇಸ್, ಮರ್ಸಿ, ಪೇಷನ್ಸ್, ಪ್ರೂಡೆನ್ಸ್, ಟೆಂಪರೆನ್ಸ್. ನಂಬಿಕೆ, ನಿರೀಕ್ಷೆ, ಪ್ರೀತಿ, ಕೃಪೆ, ಕರುಣೆ, ತಾಳ್ಮೆ, ವಿವೇಕ, ಮಿತಿ. ಇವುಗಳಿಗೆ ಹಳೆಯ ಬೇರೂ ಇತ್ತು. ಫೇತ್, ಹೋಪ್, ಚಾರಿಟಿ ಎಂಬ ಮೂವರು ಸೋದರಿಯರನ್ನು ಹುತಾತ್ಮರೆಂದು ಪೂರ್ವಕಾಲದ ಕ್ರೈಸ್ತರು ಸ್ಮರಿಸುತ್ತಿದ್ದರು. ಕಾನ್‌ಸ್ಟನ್ಸ್ ಎಂಬ ಹೆಸರು ಮಧ್ಯಯುಗದಲ್ಲೇ ಚಲಾವಣೆಯಲ್ಲಿತ್ತು. ಮೊದಮೊದಲು ಗಂಡು ಹೆಣ್ಣೆಂಬ ಭೇದ ಗಟ್ಟಿಯಾಗಿರಲಿಲ್ಲ. ಕ್ರಮೇಣ ಗುಣವಾಚಕಗಳು ಹೆಣ್ಣುಮಕ್ಕಳ ಪಾಲಿಗೆ ಹೋದವು. ಲ್ಯಾಟಿನ್ನಿನಲ್ಲಿ ಈ ಪದಗಳೆಲ್ಲ ಸ್ತ್ರೀಲಿಂಗದವು. ಚಿತ್ರಕಾರರು ಸದ್ಗುಣಗಳನ್ನು ಸ್ತ್ರೀಯರ ರೂಪದಲ್ಲೇ ಬಿಡಿಸುತ್ತಿದ್ದರು. ಹೆಣ್ಣಿನಿಂದ ಸಮಾಜ ಏನನ್ನು ನಿರೀಕ್ಷಿಸುತ್ತಿತ್ತು ಎಂಬುದೂ ಆಯ್ಕೆಯಲ್ಲಿ ಕಾಣುತ್ತದೆ. ಸೈಲೆನ್ಸ್ (ಮೌನ), ಸಬ್ಮಿಟ್ (ಶರಣಾಗು) ಎಂಬ ಹೆಸರುಗಳನ್ನು ಇಟ್ಟದ್ದು ಹೆಚ್ಚಾಗಿ ಹುಡುಗಿಯರಿಗೆ.

ಗೇಲಿ ಮತ್ತು ರಾಜಕೀಯ

ಪುರಾತತ್ತ್ವ ವಿದ್ವಾಂಸ ವಿಲಿಯಂ ಕ್ಯಾಮ್ಡೆನ್ 1605ರಲ್ಲಿ ಪ್ರಕಟಿಸಿದ ತನ್ನ ಕೃತಿಯಲ್ಲಿ ಫ್ರೀ-ಗಿಫ್ಟ್, ಡಸ್ಟ್, ಆಶಸ್, ಮೋರ್-ಫ್ರೂಟ್, ಟ್ರಿಬ್ಯುಲೇಷನ್ ಮೊದಲಾದ ಹೆಸರುಗಳನ್ನು ಪಟ್ಟಿ ಮಾಡಿದ. ನಾಟಕಕಾರ ಬೆನ್ ಜಾನ್‌ಸನ್ ಇವನ್ನು ರಂಗಭೂಮಿಗೆ ತಂದ. ಅವನ 'ದಿ ಆಲ್ಕೆಮಿಸ್ಟ್' (1610) ನಾಟಕದಲ್ಲಿ ಟ್ರಿಬ್ಯುಲೇಷನ್ ಹೋಲ್‌ಸಮ್ ಎಂಬ ಪಾದ್ರಿಯಿದ್ದಾನೆ. 'ಬಾರ್ಥಲೊಮ್ಯೂ ಫೇರ್' (1614) ನಾಟಕದಲ್ಲಿ ಝೀಲ್-ಆಫ್-ದಿ-ಲ್ಯಾಂಡ್ ಬಿಝಿ ಎಂಬ ಬೂಟಾಟಿಕೆಯವನಿದ್ದಾನೆ. ಲಂಡನ್ನಿನ ಪ್ರೇಕ್ಷಕರು ಹೆಸರು ಕೇಳಿದೊಡನೆ ಪಾತ್ರದ ಜಾತಕವನ್ನು ಅರಿಯುತ್ತಿದ್ದರು.

ಗೇಲಿ ರಾಜಕೀಯಕ್ಕೂ ನುಗ್ಗಿತು. ಅಂತರ್ಯುದ್ಧದಲ್ಲಿ ದೊರೆಯನ್ನು ಸೋಲಿಸಿದ ಆಲಿವರ್ ಕ್ರಾಮ್‌ವೆಲ್ 1653ರ ಜುಲೈಯಲ್ಲಿ ಸುಮಾರು 140 ನಾಮನಿರ್ದೇಶಿತ ಸದಸ್ಯರ ಸಭೆಯೊಂದನ್ನು ಕೂಡಿಸಿದ. ಅದರಲ್ಲಿ ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ತೊಗಲು ವ್ಯಾಪಾರಿ, ಧರ್ಮಬೋಧಕ ಪ್ರೇಸ್-ಗಾಡ್ ಬೇರ್‌ಬೋನ್ ಒಬ್ಬ ಸದಸ್ಯ. ಮೊದಲ ಹೆಸರಿಗೆ 'ದೇವರನ್ನು ಸ್ತುತಿಸು' ಎಂದರ್ಥ, ಮನೆತನದ ಹೆಸರು ಕಿವಿಗೆ 'ಬರಿ ಮೂಳೆ' ಎಂದು ಕೇಳಿಸುವಂಥದ್ದು. ವಿರೋಧಿಗಳಿಗೆ ಇಷ್ಟು ಸಾಕಾಯಿತು. ಅವರು ಇಡೀ ಸಭೆಯನ್ನೇ 'ಬೇರ್‌ಬೋನ್ ಪಾರ್ಲಿಮೆಂಟ್' ಎಂದು ಕರೆದರು. ಸಭೆ ಡಿಸೆಂಬರಿನಲ್ಲಿ ಮುಗಿದುಹೋದರೂ ಆ ಹೆಸರು ಚರಿತ್ರೆಯಲ್ಲಿ ನಿಂತಿತು. ಪ್ರೇಸ್-ಗಾಡನ ಮಗನಿಗೆ, ಕ್ರಿಸ್ತನು ನಿನಗಾಗಿ ಸಾಯದಿದ್ದರೆ ನೀನು ನರಕಕ್ಕೆ ಹೋಗುತ್ತಿದ್ದೆ ಎಂಬ ಅರ್ಥದ ಉದ್ದನೆಯ ಹೆಸರಿತ್ತೆಂಬ ಕಥೆ ಹಬ್ಬಿದೆ. ಆ ಮಗ ಜಗತ್ತಿನಲ್ಲಿ ವ್ಯವಹರಿಸಿದ್ದು ನಿಕೊಲಸ್ ಬಾರ್ಬನ್ ಎಂಬ ಹೆಸರಿನಲ್ಲಿ. 1666ರಲ್ಲಿ ಲಂಡನ್ ಬೆಂಕಿಗೆ ಆಹುತಿಯಾದ ಮೇಲೆ ನಗರದ ಮನೆಗಳ ಮರುನಿರ್ಮಾಣದಲ್ಲಿ ತೊಡಗಿದವನು, ಅಗ್ನಿ ವಿಮೆಯ ವ್ಯವಹಾರವನ್ನು ಆರಂಭಿಸಿದವರಲ್ಲಿ ಒಬ್ಬ, ಅರ್ಥಶಾಸ್ತ್ರದ ಲೇಖಕ ಎಂದು ಅವನು ಪ್ರಸಿದ್ಧ.

18ನೆಯ ಶತಮಾನದ ಇತಿಹಾಸಕಾರ ಡೇವಿಡ್ ಹ್ಯೂಮ್ ತನ್ನ ಇಂಗ್ಲೆಂಡಿನ ಇತಿಹಾಸದಲ್ಲಿ ಸಸೆಕ್ಸಿನ ಪಂಚರ ಪಟ್ಟಿಯೊಂದನ್ನು ಕೊಟ್ಟಿದ್ದಾನೆ. ಅದರಲ್ಲಿ ಕಿಲ್-ಸಿನ್ (ಪಾಪವನ್ನು ಕೊಲ್ಲು), ವೀಪ್-ನಾಟ್ (ಅಳಬೇಡ), ಮೇಕ್-ಪೀಸ್ (ಸಂಧಿ ಮಾಡು) ಮೊದಲಾದ ಹೆಸರುಗಳು ಸಾಲುಗಟ್ಟಿವೆ. ಹ್ಯೂಮ್ ಇದನ್ನು ಕ್ರಾಮ್‌ವೆಲ್ ಕಾಲದ ಹುಚ್ಚಿಗೆ ಉದಾಹರಣೆಯೆಂಬಂತೆ ಬಳಸಿದ. ಊರೂರಿನ ದಾಖಲೆಗಳನ್ನು ತೆರೆದು ನೋಡಿದಾಗ ಚಿತ್ರ ಬದಲಾಗುತ್ತದೆ. ಅಂಥ ಹೆಸರುಗಳು ಮಕ್ಕಳಿಗೆ ಬಂದದ್ದು ಹೆಚ್ಚಾಗಿ ರಾಣಿ ಎಲಿಜಬೆತ್ ಮತ್ತು ಒಂದನೆಯ ಜೇಮ್ಸ್ ಕಾಲದಲ್ಲಿ. ಕ್ರಾಮ್‌ವೆಲ್ ಅಧಿಕಾರಕ್ಕೆ ಬರುವಷ್ಟರಲ್ಲಿ ಪದ್ಧತಿ ಇಳಿಮುಖವಾಗಿತ್ತು. ಪಾದ್ರಿ ಚಾರ್ಲ್ಸ್ ಬಾರ್ಡ್ಸ್‌ಲಿ 1880ರಲ್ಲಿ ಈ ಹೆಸರುಗಳ ಬಗ್ಗೆಯೇ ಒಂದು ಪುಸ್ತಕ ಬರೆದ ಮೇಲೆ ಅವುಗಳ ಅಧ್ಯಯನ ಗಟ್ಟಿ ನೆಲದ ಮೇಲೆ ನಿಂತಿತು.

ಅಟ್ಲಾಂಟಿಕ್ ದಾಟಿದ ಹೆಸರುಗಳು

1620ರಲ್ಲಿ ಮೇಫ್ಲವರ್ ಹಡಗು 102 ಪ್ರಯಾಣಿಕರನ್ನು ಹೊತ್ತು ಅಮೆರಿಕಕ್ಕೆ ಹೊರಟಿತು. ಅವರ ಹಿರಿಯ ವಿಲಿಯಂ ಬ್ರೂಸ್ಟರ್. ಅವನ ಮಕ್ಕಳ ಹೆಸರುಗಳನ್ನು ಹುಟ್ಟಿದ ಕ್ರಮದಲ್ಲಿ ಓದಿದರೆ ಒಂದು ಮನೆತನದ ನಂಬಿಕೆ ಗಟ್ಟಿಯಾಗುತ್ತ ಹೋದ ಬಗೆ ತಿಳಿಯುತ್ತದೆ. ಹಿರಿಯವನು ಜಾನಥನ್, ಬೈಬಲಿನ ಹೆಸರು. ಆಮೇಲೆ ಹುಟ್ಟಿದ ಹೆಣ್ಣುಮಕ್ಕಳು ಪೇಷನ್ಸ್ (ತಾಳ್ಮೆ) ಮತ್ತು ಫಿಯರ್ (ದೈವಭಯ). ಫಿಯರ್ ಹುಟ್ಟಿದ ಕಾಲಕ್ಕೆ ಬ್ರೂಸ್ಟರನ ಸ್ಕ್ರೂಬಿ ಗ್ರಾಮದ ಗುಂಪು ಅಧಿಕಾರಿಗಳ ಕಣ್ಣಿಗೆ ಬಿದ್ದು ಕಿರುಕುಳ ಅನುಭವಿಸುತ್ತಿತ್ತು. ಗುಂಪು ಹಾಲೆಂಡಿಗೆ ಓಡಿಹೋಗಿ ಲೈಡನ್ ನಗರದಲ್ಲಿ ನೆಲೆಸಿತು. ಅಲ್ಲಿ ಹುಟ್ಟಿದ ಗಂಡುಮಕ್ಕಳು ಲವ್ (ಪ್ರೀತಿ) ಮತ್ತು ರೆಸ್ಲಿಂಗ್ (ಮಲ್ಲಯುದ್ಧ). ಕೊನೆಯ ಹೆಸರು, ಯಾಕೋಬ ರಾತ್ರಿಯಿಡೀ ದೇವರೊಂದಿಗೆ ಹೋರಾಡಿದ ಬೈಬಲಿನ ಪ್ರಸಂಗವನ್ನು ನೆನಪಿಸುವಂಥದ್ದು. ಲವ್ ಮತ್ತು ರೆಸ್ಲಿಂಗ್ ಅಪ್ಪ ಅಮ್ಮನ ಜೊತೆ ಮೇಫ್ಲವರಿನಲ್ಲಿ ಬಂದರು. ಪೇಷನ್ಸ್ ಮತ್ತು ಫಿಯರ್ 1623ರಲ್ಲಿ ಆ್ಯನ್ ಎಂಬ ಹಡಗಿನಲ್ಲಿ ಬಂದು ಸೇರಿಕೊಂಡರು.

ಅದೇ ಮೇಫ್ಲವರಿನಲ್ಲಿ ರಿಸಾಲ್ವ್ಡ್ (ದೃಢಚಿತ್ತ), ರಿಮೆಂಬರ್ (ನೆನಪಿಡು), ಹ್ಯುಮಿಲಿಟಿ (ವಿನಯ), ಡಿಸೈರ್ (ಹಂಬಲ) ಎಂಬ ಹೆಸರಿನವರಿದ್ದರು. ನಡುಗಡಲಿನಲ್ಲಿ ಹುಟ್ಟಿದ ಮಗುವಿಗೆ ಓಷ್ಯಾನಸ್ ಎಂದು ಹೆಸರಾಯಿತು. ಹಡಗು ಕೇಪ್ ಕಾಡ್ ಬಳಿ ಲಂಗರು ಹಾಕಿದಾಗ ಹುಟ್ಟಿದವನು ಪೆರಿಗ್ರಿನ್, ಅಂದರೆ ಯಾತ್ರಿಕ. ಆ ಚಳಿಗಾಲದಲ್ಲಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಪೆರಿಗ್ರಿನ್ ಬದುಕಿಕೊಂಡು 1704ರವರೆಗೆ ಬಾಳಿದ.

1630ರಲ್ಲಿ ಬಾಸ್ಟನ್ ನೆಲೆಗೊಂಡಿತು. ಅಲ್ಲಿಗೆ ಬರುತ್ತಿದ್ದ ಪ್ರಸಿದ್ಧ ಬೋಧಕ ಜಾನ್ ಕಾಟನನ ಮಗ 1633ರಲ್ಲಿ ಹಡಗಿನಲ್ಲೇ ಹುಟ್ಟಿದ್ದರಿಂದ ಸೀಬಾರ್ನ್ ಎನಿಸಿಕೊಂಡ, ಕಡಲಿನಲ್ಲಿ ಹುಟ್ಟಿದವನು ಎಂದು. 1639ರಲ್ಲಿ ಡಾರ್ಚೆಸ್ಟರಿನ ಪಾದ್ರಿ ರಿಚರ್ಡ್ ಮ್ಯಾಥರನಿಗೆ ಹುಟ್ಟಿದ ಮಗ ಇನ್‌ಕ್ರೀಸ್. ಆ ಹೊತ್ತಿಗೆ ವಸಾಹತು ಎಲ್ಲ ರೀತಿಯಲ್ಲೂ ಅಭಿವೃದ್ಧಿ ಹೊಂದಿದ್ದನ್ನು ದೇವರ ಅನುಗ್ರಹವೆಂದು ಎಣಿಸಿ ಇಟ್ಟ ಹೆಸರು ಅದು. ಇನ್‌ಕ್ರೀಸ್ ಮ್ಯಾಥರ್ ಮುಂದೆ ಹಾರ್ವರ್ಡ್ ಕಾಲೇಜಿನ ಮುಖ್ಯಸ್ಥನಾಗಿ 1685ರಿಂದ 1701ರವರೆಗೆ ಇದ್ದ. ಡೋವರ್ ವಸಾಹತಿನ ಹಿರಿಯನೊಬ್ಬನ ಹೆಸರು ಹೇಟ್-ಈವಿಲ್ ನಟರ್ (ಕೇಡನ್ನು ದ್ವೇಷಿಸು). ಮಾರ್ಥಾಸ್ ವಿನ್ಯರ್ಡ್ ದ್ವೀಪದ ಮೂಲನಿವಾಸಿಗಳ ಭಾಷೆ ಕಲಿತು ಕೀರ್ತನೆಗಳನ್ನು ಅದಕ್ಕೆ ಅನುವಾದಿಸಿದ ಪಾದ್ರಿ ಎಕ್ಸ್‌ಪೀರಿಯೆನ್ಸ್ ಮೇಹ್ಯೂ (ಅನುಭವ). ಹೋಪ್-ಸ್ಟಿಲ್, ವೇಟ್-ಸ್ಟಿಲ್, ಮೈಂಡ್‌ವೆಲ್, ಡೆಲಿವರೆನ್ಸ್ ಎಂಬವು ಹಳ್ಳಿಹಳ್ಳಿಗಳಲ್ಲಿ ಕೇಳಿಬರುತ್ತಿದ್ದವು. ಇಷ್ಟಾದರೂ ನ್ಯೂ ಇಂಗ್ಲೆಂಡಿನಲ್ಲಿ ಹೆಚ್ಚಿನ ಮಕ್ಕಳಿಗೆ ಸಿಕ್ಕಿದ್ದು ಬೈಬಲಿನ ವ್ಯಕ್ತಿಗಳ ಹೆಸರುಗಳೇ.

1692ರಲ್ಲಿ ಸೇಲಂನಲ್ಲಿ ಮಾಟಗಾತಿಯರ ವಿಚಾರಣೆ ನಡೆದಾಗ ಈ ಹೆಸರುಗಳು ಒಂದೇ ನ್ಯಾಯಾಲಯದಲ್ಲಿ ಎದುರುಬದುರಾದವು. ಆರೋಪ ಹೊರಿಸಿದ ಹುಡುಗಿಯರಲ್ಲಿ ಒಬ್ಬಳು ಮರ್ಸಿ ಲೂಯಿಸ್, ಅಂದರೆ ಕರುಣೆ. ಆರೋಪಕ್ಕೆ ಗುರಿಯಾದವರಲ್ಲಿ ಡೆಲಿವರೆನ್ಸ್ ಹಾಬ್ಸ್, ಡೆಲಿವರೆನ್ಸ್ ಡೇನ್ ಎಂಬ ಇಬ್ಬರಿದ್ದರು, ಅಂದರೆ ವಿಮೋಚನೆ. ತೀರ್ಪು ಕೊಡುವ ಪೀಠದಲ್ಲಿ ವೇಟ್-ಸ್ಟಿಲ್ ವಿನ್‌ಥ್ರಾಪ್ ಇದ್ದ, ಅಂದರೆ ತಾಳಿಕೊಂಡಿರು. ಆ ವರ್ಷ ಅಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು. ಹೆಸರಿನಲ್ಲಿದ್ದ ಕರುಣೆಯೂ ತಾಳ್ಮೆಯೂ ಅದನ್ನು ತಡೆಯಲಿಲ್ಲ. ಒಂದು ಶತಮಾನದ ಬಳಕೆಯಲ್ಲಿ ಈ ಪದಗಳೂ ಜಾನ್, ಮಾರ್ಗರೆಟ್ ಹೆಸರುಗಳ ಹಾಗೆ ಬರಿಯ ಸದ್ದಾಗಿ ಸವೆದಿದ್ದವು.

ಇಳಿಕೆ ಮತ್ತು ಉಳಿಕೆ

ಇಂಗ್ಲೆಂಡಿನಲ್ಲಿ 1660ರ ಹೊತ್ತಿಗೆ ವಾಕ್ಯರೂಪದ ಹೆಸರುಗಳು ಬಹುತೇಕ ನಿಂತುಹೋಗಿದ್ದವು. ದೊರೆಯ ಆಳ್ವಿಕೆ ಮರಳಿದ ಮೇಲೆ ಅವು ಸೋತ ಪಕ್ಷದ ಗುರುತಾದವು. ಸಣ್ಣ ಗುಣವಾಚಕಗಳು ಮಾತ್ರ ಉಳಿದವು. ಜಾನ್ ಬನಿಯನ್ 1678ರಲ್ಲಿ ಪ್ರಕಟಿಸಿದ 'ದಿ ಪಿಲ್‌ಗ್ರಿಮ್ಸ್ ಪ್ರೊಗ್ರೆಸ್' ಕಥನದಲ್ಲಿ ಪ್ರೂಡೆನ್ಸ್, ಪಯಟಿ, ಚಾರಿಟಿ ಎಂಬ ಪಾತ್ರಗಳಿವೆ. 1684ರ ಎರಡನೆಯ ಭಾಗದಲ್ಲಿ ಮರ್ಸಿ ಇದ್ದಾಳೆ. ಮನೆಮನೆಯಲ್ಲಿ ಓದಿದ ಈ ಪುಸ್ತಕ ಗುಣದ ಹೆಸರುಗಳನ್ನು ಜನರ ನೆನಪಿನಲ್ಲಿ ಹಸಿರಾಗಿಟ್ಟಿತು. ಬಾಸ್ಟನ್ನಿನಲ್ಲಿ 1722ರಲ್ಲಿ ಹದಿನಾರರ ಹುಡುಗ ಬೆಂಜಮಿನ್ ಫ್ರಾಂಕ್ಲಿನ್, ಅಣ್ಣನ ಪತ್ರಿಕೆಗೆ ಸೈಲೆನ್ಸ್ ಡೂಗುಡ್ ಎಂಬ ವಿಧವೆಯ ಹೆಸರಿನಲ್ಲಿ ಹದಿನಾಲ್ಕು ಪತ್ರಗಳನ್ನು ಬರೆದ. ಮೌನ ಎಂಬ ಹೆಸರಿನ ಹೆಂಗಸು ಧಾರಾಳವಾಗಿ ಮಾತಾಡುವುದೇ ಆ ಪತ್ರಗಳ ಸ್ವಾರಸ್ಯ. ನಡೆಗೂ ಹೆಸರಿಗೂ ನಡುವಿನ ದೂರ ಓದುಗರಿಗೆ ಆಗಲೇ ಚೆನ್ನಾಗಿ ಗೊತ್ತಿತ್ತು.

ಅಮೆರಿಕದಲ್ಲಿ ಇಂಥ ಹೆಸರುಗಳು ಮುಂದಿನ ಶತಮಾನಕ್ಕೂ ದಾಟಿದವು. ಮರ್ಸಿ ಓಟಿಸ್ ವಾರೆನ್ 1805ರಲ್ಲಿ ಅಮೆರಿಕದ ಕ್ರಾಂತಿಯ ಇತಿಹಾಸವನ್ನು ಪ್ರಕಟಿಸಿದಳು. ಪ್ರೂಡೆನ್ಸ್ ಕ್ರ್ಯಾಂಡಲ್ 1833ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಕಪ್ಪು ಹುಡುಗಿಯರಿಗೆ ಶಾಲೆ ತೆರೆದು ಊರವರ ಕೋಪವನ್ನು ಎದುರಿಸಿದಳು. ನ್ಯೂಯಾರ್ಕಿನ ಹಡಗು ವ್ಯಾಪಾರಿ ಪ್ರಿಸರ್ವ್ಡ್ ಫಿಶ್ (1766–1846) ಈ ಸಂಪ್ರದಾಯದ ಕೊನೆಯ ಪ್ರಸಿದ್ಧ ಗಂಡಸರಲ್ಲೊಬ್ಬ. 'ಕಾಪಾಡಲ್ಪಟ್ಟವನು' ಎಂಬ ಧಾರ್ಮಿಕ ಅರ್ಥ ಮರೆತವರಿಗೆ ಆ ಹೆಸರು ಉಪ್ಪುಹಾಕಿ ಕೆಡದಂತೆ ಇಟ್ಟ ಮೀನು ಎಂದು ಕೇಳಿಸತೊಡಗಿತ್ತು. ಚಾರ್ಲ್ಸ್ ಡಿಕನ್ಸ್ 1843–44ರಲ್ಲಿ ಬರೆದ 'ಮಾರ್ಟಿನ್ ಚಝಲ್‌ವಿಟ್' ಕಾದಂಬರಿಯಲ್ಲಿ ಚಾರಿಟಿ, ಮರ್ಸಿ ಎಂಬ ಅಕ್ಕತಂಗಿಯರನ್ನು ಮನೆಯವರು ಚೆರಿ, ಮೆರಿ ಎಂದು ಕರೆಯುತ್ತಾರೆ. ಬಾಯಿಗೆ ಬಂದ ಹೆಸರು ತುಂಡಾಗಿ, ಉರುಟಾಗಿ, ಅರ್ಥ ಕಳಚಿಕೊಳ್ಳುವುದಕ್ಕೆ ಇದು ಒಳ್ಳೆಯ ನಿದರ್ಶನ.

ಯಾವ ಹೆಸರು ಉಳಿಯಿತು, ಯಾವುದು ಅಳಿಯಿತು ಎಂಬುದರಲ್ಲಿ ಒಂದು ಕ್ರಮವಿದೆ. ಕ್ರಿಯಾಪದವಿದ್ದ ಹೆಸರುಗಳೆಲ್ಲ ಹೋದವು. ಅಂಜಬೇಡ, ದೃಢವಾಗಿ ನಿಲ್ಲು ಎಂಬವು ತಂದೆತಾಯಿ ಮಗುವಿಗೆ ಆಡಿದ ಮಾತುಗಳು. ಮಗು ಬೆಳೆದು ಮುದುಕನಾದರೂ ಅವು ಅವನ ಮಾತಾಗದೆ ಹೆತ್ತವರ ಮಾತಾಗಿಯೇ ಉಳಿಯುತ್ತಿದ್ದವು. ಗ್ರೇಸ್, ಹೋಪ್, ಫೇತ್ ಎಂಬ ನಾಮಪದಗಳಲ್ಲಿ ಆಜ್ಞೆಯಿಲ್ಲ. ಅವುಗಳನ್ನು ಹೊತ್ತ ಹುಡುಗಿ ತನಗೆ ಬೇಕಾದಂತೆ ಅವನ್ನು ತುಂಬಿಕೊಳ್ಳಬಹುದಿತ್ತು, ಇಲ್ಲವೇ ಬರಿ ಹೆಸರಾಗಿ ಬಿಡಬಹುದಿತ್ತು. ಪದದ ಅರ್ಥ ಬದಲಾದಾಗಲೂ ಹೆಸರು ಬಾಡುತ್ತಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಚಾರಿಟಿ ಎಂದಿದ್ದ ಪದವನ್ನು 1881ರ ಪರಿಷ್ಕರಣೆ ಲವ್ ಎಂದು ಬದಲಿಸಿತು. ಅಷ್ಟರಲ್ಲಿ ಚಾರಿಟಿ ಎಂದರೆ ಬಡವರಿಗೆ ಕೊಡುವ ದಾನ ಎಂಬ ಅರ್ಥವೇ ಮುಂದಾಗಿತ್ತು. ಫೇತ್, ಹೋಪ್ ಹೆಸರುಗಳು ಉಳಿದಷ್ಟು ಅದು ಉಳಿಯಲಿಲ್ಲ.

ಬೇರೆ ನೆಲಗಳಲ್ಲಿ

ಇಂಗ್ಲಿಷ್ ಪದಗಳನ್ನು ಹೆಸರಾಗಿಡುವ ರೂಢಿ ಇಂದು ಅತ್ಯಂತ ಜೀವಂತವಾಗಿರುವುದು ಆಫ್ರಿಕಾದಲ್ಲಿ. ನೈಜೀರಿಯ, ಘಾನಾ, ಜಿಂಬಾಬ್ವೆ ದೇಶಗಳಲ್ಲಿ ಬ್ಲೆಸಿಂಗ್, ಗಿಫ್ಟ್, ಇನೋಸೆಂಟ್, ಪ್ರೆಷಸ್, ಲವ್‌ಮೋರ್ ಎಂಬ ಹೆಸರುಗಳು ಸಾಮಾನ್ಯ. 2010ರಿಂದ 2015ರವರೆಗೆ ನೈಜೀರಿಯದ ಅಧ್ಯಕ್ಷರಾಗಿದ್ದವರು ಗುಡ್‌ಲಕ್ ಜಾನಥನ್, ಅವರ ಪತ್ನಿ ಪೇಷನ್ಸ್. ಮಿಷನರಿ ಶಾಲೆಗಳ ಮೂಲಕ ಬಂದ ಇಂಗ್ಲಿಷ್ ಇದಕ್ಕೊಂದು ಕಾರಣ. ಇನ್ನೊಂದು ಕಾರಣ ಅಲ್ಲಿನ ನುಡಿಗಳಲ್ಲೇ ಇದೆ. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ತೆಂಡೈ ಎಂದರೆ 'ಕೃತಜ್ಞತೆ ಸಲ್ಲಿಸಿ', ತಿನಾಶೆ ಎಂದರೆ 'ದೇವರು ನಮ್ಮೊಂದಿಗಿದ್ದಾನೆ'. ಹೆಸರು ಒಂದು ವಾಕ್ಯ ಎಂಬುದು ಆ ಜನರಿಗೆ ಹೊಸ ವಿಚಾರವಲ್ಲ; ಅವರು ಇಂಗ್ಲಿಷನ್ನು ತಮ್ಮ ಪದ್ಧತಿಗೆ ಒಗ್ಗಿಸಿಕೊಂಡರು.

ಕರ್ನಾಟಕಕ್ಕೆ ಪ್ರೊಟೆಸ್ಟಂಟ್ ಮಿಷನರಿಗಳು 19ನೆಯ ಶತಮಾನದಲ್ಲಿ ಬಂದರು. 1810ರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್, 1834ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕೆಲಸ ಶುರುಮಾಡಿದವು. ಬನಿಯನ್ನನ ಕಥನ ಆ ಶತಮಾನದಲ್ಲೇ ಕನ್ನಡಕ್ಕೆ ಬಂದಿತು. ಪ್ರೂಡೆನ್ಸ್, ಮರ್ಸಿಯರಂಥ ಪಾತ್ರಗಳನ್ನು ಅನುವಾದಿಸುವಾಗ ವಿವೇಕ, ಕರುಣೆಯಂಥ ಹೆಸರುಗಳು ಕನ್ನಡದಲ್ಲಿ ಸಿದ್ಧವಾಗಿಯೇ ಇದ್ದವು. ಕನ್ನಡ ಕ್ರೈಸ್ತ ಮನೆಗಳಲ್ಲಿ ಕಾಣುವ ಕೃಪಾ, ಕರುಣಾಕರ, ದಯಾನಂದ, ಸುಗುಣಾ ಎಂಬ ಹೆಸರುಗಳು ನೆರೆಮನೆಯ ಹಿಂದೂಗಳಲ್ಲೂ ಇರುವಂಥವೇ. ಇಂಗ್ಲೆಂಡಿನಲ್ಲಿ ಕೋಲಾಹಲ ಎಬ್ಬಿಸಿದ ಪದ್ಧತಿ ಇಲ್ಲಿ ಯಾರ ಗಮನಕ್ಕೂ ಬಾರದಂತೆ ಹಳೆಯ ರೂಢಿಯೊಳಗೆ ಸೇರಿಕೊಂಡಿತು.

ಅಮೆರಿಕದಲ್ಲಿ 20ನೆಯ ಶತಮಾನದ ಕೊನೆಯಿಂದ ಗ್ರೇಸ್, ಫೇತ್, ಹೋಪ್ ಮತ್ತೆ ಜನಪ್ರಿಯವಾಗಿವೆ. ಸೆರೆನಿಟಿ (ಪ್ರಶಾಂತಿ), ಡೆಸ್ಟಿನಿ (ವಿಧಿ), ಜರ್ನಿ (ಪಯಣ) ಎಂಬ ಹೊಸ ಪದಗಳೂ ಹೆಸರಾಗಿವೆ. 'ಹೆವನ್' ಎಂಬ ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿದ ನೆವೇಯಾ ಎಂಬ ಹೆಸರು 2001ರಲ್ಲಿ ಅಲ್ಲಿನ ಮೊದಲ ಸಾವಿರ ಹೆಸರುಗಳ ಪಟ್ಟಿಯನ್ನು ಸೇರಿತು. ಈಗ ಇಂಥ ಹೆಸರನ್ನು ಆರಿಸುವವರು ತಂದೆತಾಯಿಗಳೇ ಹೊರತು ಪಾದ್ರಿಯಲ್ಲ; ಅರ್ಥದಷ್ಟೇ ಕಿವಿಗೆ ಇಂಪಾಗಿರುವುದನ್ನೂ ಅವರು ನೋಡುತ್ತಾರೆ. ವಾರ್ಬಲ್‌ಟನ್ನಿನ ಪಾದ್ರಿ ತನ್ನ ಮಕ್ಕಳಿಗಿಟ್ಟ ನಾಲ್ಕು ಹೆಸರುಗಳಲ್ಲಿ ಒಂದೂ ಇಂದು ಬಳಕೆಯಲ್ಲಿಲ್ಲ. ಮಚ್-ಮರ್ಸಿ ಎಂಬುದರೊಳಗಿನ ಮರ್ಸಿ ಎಂಬ ಒಂದು ಪದ ಮಾತ್ರ ಬೇರೆಯಾಗಿ ನಿಂತು, ಇಂಗ್ಲಿಷ್ ಬಲ್ಲ ಹಲವು ದೇಶಗಳಲ್ಲಿ ಹೆಣ್ಣುಮಕ್ಕಳ ಹೆಸರಾಗಿ ಮುಂದುವರಿದಿದೆ.